ನಾಲ್ಕನೆಯ ಕೈ

ಮೊದಲ ಮಹಾಯುದ್ಧದಲ್ಲಿ ಸತ್ತವರಲ್ಲಿ ಹೆಚ್ಚಿನವರು ತಮ್ಮನ್ನು ಕೊಂದವನ ಮುಖ ನೋಡಲಿಲ್ಲ. ಪಶ್ಚಿಮ ರಂಗದಲ್ಲಿ ಅತಿ ಹೆಚ್ಚು ಬಲಿ ಪಡೆದದ್ದು ದೂರದಿಂದ ಬಂದು ಬೀಳುತ್ತಿದ್ದ ಫಿರಂಗಿ ಗುಂಡು. ಅದರ ಮುಂದೆ ಚಾಕು, ಬಯೊನೆಟ್‌ಗಳಿಂದಾದ ಸಾವು ತೀರಾ ಕಡಿಮೆ. ಆದರೂ ಆ ಯುದ್ಧದ ಕಾದಂಬರಿಗಳು ಮೈಗೆ ಮೈ ತಾಗುವ ಕಾಳಗಕ್ಕೇ ಮತ್ತೆ ಮತ್ತೆ ಮರಳುತ್ತವೆ. ಯಾಕೆ? ಡೇವಿಡ್ ಡಿಯೋಪ್ ಅವರ ಪುಟ್ಟ ಕಾದಂಬರಿ ಓದುತ್ತಿದ್ದಷ್ಟು ಹೊತ್ತೂ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

2018ರಲ್ಲಿ ಫ್ರೆಂಚಿನಲ್ಲಿ ಬಂದ ಈ ಕೃತಿಯನ್ನು ನಾನು ಓದಿದ್ದು ಆನಾ ಮೊಸ್ಕೊವಾಕಿಸ್ ಅವರ ಇಂಗ್ಲಿಷ್ ಅನುವಾದದಲ್ಲಿ: 'ಅಟ್ ನೈಟ್ ಆಲ್ ಬ್ಲಡ್ ಈಸ್ ಬ್ಲ್ಯಾಕ್'. 2021ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಇದಕ್ಕೇ ಸಂದಿತು. ಮೂಲದ ಹೆಸರು 'ಫ್ರೇರ್ ದಾಮ್', ಅಂದರೆ ಆತ್ಮಸೋದರ. ಫ್ರೆಂಚ್ ಕಿವಿಗೆ ಅದರೊಳಗೆ 'ಫ್ರೇರ್ ದಾರ್ಮ್' ಕೂಡ ಕೇಳಿಸುತ್ತದೆ, ಅಂದರೆ ಶಸ್ತ್ರಸೋದರ. ಎರಡರ ನಡುವೆ ಇರುವುದು ಒಂದೇ ಒಂದು ಸದ್ದು. ಕತೆ ನಡೆಯುವುದೂ ಆ ಸಣ್ಣ ಅಂತರದಲ್ಲೇ.

ಸೆನೆಗಲ್‌ನ ಆಲ್ಫಾ ಎನ್‌ಡಿಯಾಯ್ ಮತ್ತು ಮದೆಂಬಾ ಡಿಯೋಪ್ ಒಟ್ಟಿಗೆ ಬೆಳೆದ ಗೆಳೆಯರು. ಇಬ್ಬರೂ ಫ್ರಾನ್ಸಿನ ಪರವಾಗಿ ಕಂದಕದಲ್ಲಿದ್ದಾರೆ. ಜರ್ಮನ್ ಸೈನಿಕನೊಬ್ಬ ಮದೆಂಬಾನ ಹೊಟ್ಟೆ ಬಗೆಯುತ್ತಾನೆ. ನರಳುತ್ತಾ ಆತ ಮೂರು ಸಲ ಬೇಡುತ್ತಾನೆ: ನನ್ನನ್ನು ಮುಗಿಸಿಬಿಡು. ಆಲ್ಫಾ ಒಪ್ಪುವುದಿಲ್ಲ. ಧರ್ಮ, ಹಿರಿಯರು, ಊರಿನ ಮರ್ಯಾದೆ ಅವನ ಕೈ ಹಿಡಿದಿರುತ್ತವೆ. ಗೆಳೆಯ ಸತ್ತ ಮೇಲೆ ಅವನಿಗೆ ತಿಳಿಯುತ್ತದೆ, ಆ ಧರ್ಮ ಅಮಾನುಷವಾಗಿತ್ತು ಎಂದು. ಅಂದಿನಿಂದ ಅವನು ಕಾಳಗ ಮುಗಿದ ಮೇಲೂ ಹೊರಗುಳಿದು ಒಬ್ಬ ಶತ್ರುವನ್ನು ಹಿಡಿದು ಹೊಟ್ಟೆ ಸೀಳುತ್ತಾನೆ. ಅವನು ಕಣ್ಣಲ್ಲಿ ಬೇಡಿದ ಕೂಡಲೇ ಕತ್ತು ಕತ್ತರಿಸುತ್ತಾನೆ. ಗೆಳೆಯನಿಗೆ ಕೊಡಲಾಗದ ಕರುಣೆಯನ್ನು ಶತ್ರುವಿಗೆ ಕೊಡುವ ಈ ಭೀಕರ ಪ್ರಾಯಶ್ಚಿತ್ತವೇ ಕಾದಂಬರಿಯ ತಿರುಳು.

ಪ್ರತಿ ಸಲವೂ ಅವನು ಶತ್ರುವಿನ ಬಂದೂಕು ಮತ್ತು ಒಂದು ಕೈ ತರುತ್ತಾನೆ. ಮೂರು ಕೈಗಳವರೆಗೆ ಅವನು ವೀರ, ಎಲ್ಲರೂ ಬೆನ್ನು ತಟ್ಟುತ್ತಾರೆ. ನಾಲ್ಕನೆಯದರಿಂದ ಅವನು ಹುಚ್ಚ, ಆತ್ಮ ತಿನ್ನುವ ಮಾಟಗಾರ. ಅವನು ಮಾಡಿದ್ದು ಬದಲಾಗಿಲ್ಲ, ನೋಡುವವರ ಲೆಕ್ಕ ಬದಲಾಗಿದೆ. ಕ್ಯಾಪ್ಟನ್ ಸೀಟಿ ಊದಿದಾಗ ಹುಚ್ಚಾಗಬೇಕು, ಮತ್ತೆ ಊದಿದಾಗ ಸರಿಹೋಗಬೇಕು. ಜರ್ಮನರನ್ನು ಹೆದರಿಸಲು ಆಫ್ರಿಕನ್ನರು ಕಾಡುಜನರ ವೇಷ ಹಾಕಬೇಕು, ಆದರೆ ವೇಷ ಮೈಗಂಟಬಾರದು. ಮೊದಲ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಲ್ಲಿದೆ. ಫಿರಂಗಿ ಹಾರಿಸಿದವನು ತಾನು ಆಜ್ಞೆ ಪಾಲಿಸಿದೆ ಎನ್ನಬಹುದು. ಚಾಕು ಹಿಡಿದವನಿಗೆ ಆ ಮರೆ ಇಲ್ಲ. ಎದುರಿನ ಕಣ್ಣು ಅವನನ್ನು ಕೇಳುತ್ತಿರುತ್ತದೆ.

1929ರಲ್ಲಿ ಬಂದ ರೆಮಾರ್ಕ್‌ನ 'ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್' ನೆನಪಾಗುತ್ತದೆ. ಅಲ್ಲಿ ಪಾಲ್ ಗುಂಡಿಯೊಳಗೆ ಫ್ರೆಂಚ್ ಸೈನಿಕನೊಬ್ಬನನ್ನು ಇರಿದು, ಅವನು ಸಾಯುವವರೆಗೆ ಪಕ್ಕದಲ್ಲೇ ಇರಬೇಕಾಗುತ್ತದೆ. ನೀರು ಕುಡಿಸುತ್ತಾನೆ, ಅವನ ಹೆಸರು ತಿಳಿಯುತ್ತಾನೆ, ಮಾತು ಕೊಡುತ್ತಾನೆ. ಗೆಳೆಯರ ನಡುವೆ ಮರಳಿದ ಮೇಲೆ ಯುದ್ಧವೆಂದರೆ ಯುದ್ಧ ಎಂದು ಸಮಾಧಾನಗೊಳ್ಳುತ್ತಾನೆ. ಪಾಲ್‌ಗೆ ಮರಳಲು ಒಂದು 'ನಾವು' ಇದೆ. ಆಲ್ಫಾನಿಗೆ ಇದ್ದ ಒಂದೇ 'ನಾವು' ಸತ್ತಿದೆ. ಯುದ್ಧ ಅವನದಲ್ಲ, ನಾಡೂ ಅವನದಲ್ಲ, ಆಜ್ಞೆಯ ಭಾಷೆಯೂ ಅವನದಲ್ಲ.

ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಆಗಿನ ಜರ್ಮನ್ ಪ್ರಚಾರ ಆಫ್ರಿಕನ್ ಸೈನಿಕರನ್ನು ಅಂಗ ಕತ್ತರಿಸುವ ಅನಾಗರಿಕರೆಂದೇ ಬಣ್ಣಿಸಿತ್ತು. ಡಿಯೋಪ್ ಅದೇ ಚಿತ್ರವನ್ನು ಮತ್ತೆ ಬರೆದಂತಾಗಲಿಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ಪ್ರಚಾರದ ಚಿತ್ರಕ್ಕೆ ಒಳಗಿನ ಮಾತಿಲ್ಲ. ಇಲ್ಲಿ ಕತ್ತಿ ಹಿಡಿದವನೇ ಯೋಚಿಸುತ್ತಾನೆ, ತರ್ಕ ಮಾಡುತ್ತಾನೆ, ಕ್ಯಾಪ್ಟನ್‌ನ ತರ್ಕವನ್ನು ಬಯಲಿಗೆಳೆಯುತ್ತಾನೆ. ಆದರೆ ಕೊನೆಯ ಭಾಗದ ಬಗ್ಗೆ ನನ್ನ ತಕರಾರಿದೆ. ಆಸ್ಪತ್ರೆಯ ವೈದ್ಯರ ಮಗಳನ್ನು ನಾವು ಆಲ್ಫಾನ ಕಣ್ಣಿನಿಂದ ಮಾತ್ರ ನೋಡುತ್ತೇವೆ. ಅವಳ ಮೇಲೆ ನಡೆಯುವ ಹಿಂಸೆ ಅವನ ಒಡೆದ ಮನಸ್ಸಿನ ಕತೆಗೆ ಒಂದು ಮೆಟ್ಟಿಲಾಗಿಬಿಡುತ್ತದೆ. ಶತ್ರುವಿನ ಕಣ್ಣಿಗೆ ಸಿಕ್ಕ ಮಾತು ಅವಳ ಕಣ್ಣಿಗೆ ಸಿಗುವುದಿಲ್ಲ.

ಈ ಕತೆ ನಮಗೆ ಅಷ್ಟೇನೂ ದೂರದ್ದಲ್ಲ. 1914-15ರಲ್ಲಿ ಭಾರತದ ಕಾಲಾಳುಗಳೂ ಫ್ರಾನ್ಸಿನ ಕಂದಕಗಳಲ್ಲಿದ್ದರು. ಅವರು ಬರೆದ, ಬರೆಸಿದ ಪತ್ರಗಳು ಬಹುಮಟ್ಟಿಗೆ ಉಳಿದಿರುವುದು ಸೆನ್ಸಾರ್ ಅಧಿಕಾರಿಗಳು ಇಂಗ್ಲಿಷಿಗೆ ಮಾಡಿಸಿದ ತುಣುಕುಗಳಲ್ಲಿ. ಸಾಮ್ರಾಜ್ಯ ಕದ್ದು ಓದಿದ್ದರಿಂದ ಉಳಿದ ದನಿಗಳು ಅವು. ಸೆನ್ಸಾರ್‌ನ ಕಣ್ಣು ತಪ್ಪಿಸಲು ಬಿಳಿಯರನ್ನು ಕೆಂಪು ಮೆಣಸು, ತಮ್ಮವರನ್ನು ಕರಿ ಮೆಣಸು ಎಂದು ಕರೆದವರೂ ಅವರಲ್ಲಿದ್ದರು. ಕೊಂದ ಕೈಯ ಒಳಗಿನ ಮಾತನ್ನು ಅಂಥ ಪತ್ರದಲ್ಲಿ ಯಾರು ಬರೆದಾರು? ದಾಖಲೆ ನಿಲ್ಲುವ ಆ ಜಾಗದಿಂದಲೇ ಡಿಯೋಪ್ ಶುರುಮಾಡುತ್ತಾರೆ. ಪುಸ್ತಕ ಮುಚ್ಚಿದ ಮೇಲೂ ನಾನು ಆಲ್ಫಾನನ್ನು ಕ್ಷಮಿಸಲಾರೆ. ಅವನ ಮೂರನೆಯ ಕೈಗೆ ಚಪ್ಪಾಳೆ ತಟ್ಟಿದವರನ್ನಂತೂ ಇನ್ನೂ ಕ್ಷಮಿಸಲಾರೆ.