ಕಾಗುಣಿತ ಸರಿ, ಮಾತು ತಪ್ಪು

ಮದುವೆ ಕಾಗದ ಕೈಗೆ ಬಂದ ಕೂಡಲೇ ನಮ್ಮಲ್ಲಿ ಕೆಲವರು ಮುಹೂರ್ತ ನೋಡುವುದಿಲ್ಲ, ತಪ್ಪು ಹುಡುಕುತ್ತಾರೆ. ‘ಹಾರ್ದಿಕ’ ಇರಬೇಕಾದಲ್ಲಿ ‘ಹಾರ್ಧಿಕ’, ‘ಶುಭಾಶಯ’ದ ಬದಲು ‘ಶುಭಾಷಯ’, ವಿದ್ಯಾರ್ಥಿಯ ದಕಾರಕ್ಕೆ ಸುಮ್ಮನೆ ಹೊಟ್ಟೆ ಸೀಳಿದ್ದು. ತೀರಿಹೋದವರ ಫ್ಲೆಕ್ಸಿನಲ್ಲಿ ‘ಶ್ರದ್ದಾಂಜಲಿ’, ಅದರ ಮುಂದೆ ಎರಡು ಆಶ್ಚರ್ಯಸೂಚಕ. ನನಗೂ ಕಿರಿಕಿರಿ ಆಗುತ್ತದೆ. ಸಾವಿನ ಸುದ್ದಿಯಲ್ಲಿ ಹೀಗೆ ಆಶ್ಚರ್ಯಪಡಲು ಏನುಂಟು ಮಾರಾಯ್ರೆ?

ಆದರೆ ಈ ಕಿರಿಕಿರಿಯನ್ನು ನಾವು ಖರ್ಚು ಮಾಡುವ ಜಾಗ ಸರಿಯಿಲ್ಲ ಎಂಬುದು ನನ್ನ ತಕರಾರು.

ಕಾಸರಗೋಡಿನ ಕಡೆ ಕನ್ನಡ ಎಲ್ಲರ ಮನೆಮಾತಲ್ಲ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ. ಕನ್ನಡ ಶಾಲೆಯಲ್ಲಿ ಸಿಕ್ಕಿದ್ದು. ತುಳುವಿನ ಸ್ವಂತ ಶಬ್ದಗಳಲ್ಲಿ ಮಹಾಪ್ರಾಣವೇ ಇಲ್ಲ. ಹಾಗಿರುವಾಗ ದ, ಧ ಎರಡನ್ನೂ ಕಣ್ಣಲ್ಲಿ ನೆನಪಿಟ್ಟು ಬರೆಯಬೇಕು, ಕಿವಿ ಸಹಾಯಕ್ಕೆ ಬರುವುದಿಲ್ಲ. ಹವ್ಯಕರ ಮನೆಯಲ್ಲಿ ಹೆಂಗಸರ ವಿಷಯಕ್ಕೆ ‘ಅದು ಬಂತು’ ಎಂದರೆ ಅದು ಅಲ್ಲಿಯ ವ್ಯಾಕರಣ, ಅಗೌರವ ಅಲ್ಲ. ಮಲಯಾಳದ ಕ್ರಿಯಾಪದಕ್ಕೆ ಲಿಂಗ, ವಚನದ ಗೊಡವೆಯೇ ಇಲ್ಲ. ಆ ಮನೆಯ ಹುಡುಗಿ ‘ಟೀಚರು ಬಂತು’ ಎಂದು ಬರೆದರೆ ತಿದ್ದಬೇಕು, ಸರಿ, ಆದರೆ ಇಡೀ ಕ್ಲಾಸಿನ ಎದುರು ನಗಬಾರದು. ನಕ್ಕರೆ ನಾಳೆ ಅವಳ ಮದುವೆ ಕಾಗದ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಇಂಗ್ಲಿಷಿನ ತಪ್ಪು ಹುಡುಕಲು ನಮ್ಮೂರಲ್ಲಿ ಅಷ್ಟು ಜನ ಇಲ್ಲ.

ಹಾರ್ಧಿಕ ಎಂದಿದ್ದರೂ ಸ್ವಾಗತ ಸ್ವಾಗತವೇ. ಅದನ್ನು ಓದಿ ಯಾರೂ ಊಟ ಬಿಟ್ಟು ಬಂದದ್ದಿಲ್ಲ. ಕಾಗುಣಿತ ಪೂರ್ತಿ ಸರಿಯಿದ್ದು ಮಾತೇ ತಪ್ಪಿದರೆ? ಕಚೇರಿಯ ಕನ್ನಡದಲ್ಲಿ ನನಗೆ ಹೆದರಿಕೆ ಅದರದ್ದು. ಮಲಯಾಳ, ಕನ್ನಡ ಎರಡೂ ಸಂಸ್ಕೃತದಿಂದ ಶಬ್ದ ತಂದವು, ಎಲ್ಲವನ್ನೂ ಒಂದೇ ಅರ್ಥದಲ್ಲಿ ಇಟ್ಟುಕೊಳ್ಳಲಿಲ್ಲ. ಅಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ. ನಮ್ಮ ಅಪೇಕ್ಷೆ ಬರೀ ಆಸೆ. ಅಲ್ಲಿಯ ‘ಅವಧಿ’ ರಜೆ, ನಮ್ಮದು ವಾಯಿದೆ. ‘ಅನುವಾದ’ ಅಲ್ಲಿ ಒಪ್ಪಿಗೆ, ಇಲ್ಲಿ ಭಾಷಾಂತರ. ‘ಪ್ರಸಂಗ’ ಅಲ್ಲಿ ಭಾಷಣ. ನಮಗೆ ಪ್ರಸಂಗ ಅಂದರೆ ಚೆಂಡೆಗೆ ಪೆಟ್ಟು ಬೀಳಬೇಕು. ‘ವ್ಯವಸಾಯ’ ಅಲ್ಲಿ ಕೈಗಾರಿಕೆ, ನಮ್ಮಲ್ಲಿ ಬೇಸಾಯ. ಲಿಪಿ ಮಾತ್ರ ಬದಲಿಸಿ ಕನ್ನಡ ಮಾಡಿದ ಫಾರಮಿನಲ್ಲಿ ‘ವ್ಯವಸಾಯ ಉಂಟೇ?’ ಎಂದು ಕೇಳಿದರೆ ಅರ್ಧ ಎಕರೆ ಅಡಿಕೆ ಇರುವವನು ‘ಉಂಟು’ ಎಂದೇ ಬರೆಯುತ್ತಾನೆ. ಅವನದ್ದೇನು ತಪ್ಪು? ಅವನು ಕನ್ನಡ ಓದಿದ.

ಎಲ್ಲಕ್ಕಿಂತ ಕೆಟ್ಟದ್ದು ‘ಅವಕಾಶ’. ಮಲಯಾಳದಲ್ಲಿ ಅದು ಹಕ್ಕು. ಹಕ್ಕಾದರೆ ಕೇಳಿ ಪಡೆಯಬಹುದು, ಕೊಡದಿದ್ದರೆ ಜಗಳ ಮಾಡಬಹುದು. ಕನ್ನಡದಲ್ಲೂ ‘ಅವಕಾಶ’ ಎಂದೇ ಅಚ್ಚಾದರೆ ಓದಿದವರು ಸಿಕ್ಕಿದರೆ ಸಿಕ್ಕೀತು ಎಂದು ಸುಮ್ಮನೆ ಕೂರುತ್ತಾರೆ. ಇದರಲ್ಲಿ ಒಂದು ಒತ್ತಕ್ಷರವೂ ತಪ್ಪಿಲ್ಲ. ಹಾಗಾಗಿ ಮದುವೆ ಕಾಗದ ಓದುವ ನಮ್ಮ ಪರೀಕ್ಷಕರ ಕಣ್ಣಿಗೆ ಬೀಳುವುದೂ ಇಲ್ಲ. ಊರ ಹೆಸರಾದರೆ ಕೂಡಲೇ ಕಾಣುತ್ತದೆ. ಮಲಯಾಳದಿಂದ ತಿರುಗಿ ಕನ್ನಡಕ್ಕೆ ಬರುವಾಗ ಕುಂಬಳೆ ‘ಕುಂಬಳ’ವಾಗಿ ಪಲ್ಯಕ್ಕೆ ಹೋಗುತ್ತದೆ, ಮಂಜೇಶ್ವರ ‘ಮಂಚೇಶ್ವರಂ’ ಆಗಿ ಮಲಗುತ್ತದೆ. ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಅದೇ ಸಿಟ್ಟು ‘ಅವಕಾಶ’ಕ್ಕೂ ಬರಬೇಕಿತ್ತು.

ಅಲ್ಪವಿರಾಮದ್ದೂ ಒಂದು ಮಾತು. ‘ರೇಷನ್ ಕಾರ್ಡು, ತೆರಿಗೆ ರಶೀದಿಯ ನಕಲು ಲಗತ್ತಿಸಿ.’ ಕಾರ್ಡಿನದ್ದೂ ನಕಲು ಸಾಕೋ, ಕಾರ್ಡನ್ನೇ ಇಡಬೇಕೋ? ‘ಇವೆರಡರ ನಕಲು’ ಎಂದಿದ್ದರೆ ಮುಗಿಯಿತು. ಹಾಗೆ ಬರೆಯದ್ದಕ್ಕೆ ಕೂಲಿಯವನೊಬ್ಬ ಎರಡು ಸಲ ಬಸ್ಸು ಹತ್ತಬೇಕು, ಒಂದು ದಿನದ ಸಂಬಳ ಹೋಗುತ್ತದೆ.

1969ರ ಕೇರಳದ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಇಲ್ಲಿಯ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸ್ಥಳೀಯ ಸರಕಾರಿ ಕಚೇರಿಗಳಿಗೂ ಇದು ಸೇರುತ್ತದೆ. ಹಾಗಾದರೆ ಅರ್ಥವಾಗದ ಫಾರಂ ಬಂದಾಗ ಆ ಶಬ್ದಕ್ಕೆ ಗೆರೆ ಎಳೆದು, ಬದಿಯಲ್ಲಿ ಸರಿಯಾದದ್ದನ್ನು ಬರೆದು, ಒಂದು ಕಾಗದದೊಟ್ಟಿಗೆ ಕಚೇರಿಗೆ ಕಳುಹಿಸಲಿಕ್ಕೆ ಏನು ಅಡ್ಡಿ? ನಮ್ಮ ಮಾಷ್ಟ್ರುಗಳ ಕೆಂಪು ಪೆನ್ನು ಧಾರಾಳ ಸಾಕು. ಕಾಗದ ಬರೆಯುವವನು ಮೂರನೇ ಸಾಲಿನಲ್ಲಿ ‘ವಿಧ್ಯಾರ್ಥಿ’ ಎಂದು ಬರೆದಿದ್ದರೂ ಉತ್ತರ ಕೊಡಲೇಬೇಕು. ಕಾಗುಣಿತ ಸರಿಯಿದ್ದರೆ ಮಾತ್ರ ಎಂಬ ಷರತ್ತು ಆ ಕಾನೂನಿನಲ್ಲಿ ಇಲ್ಲ.