ಪದರದ ಮೂಲಕ ನುಡಿ: ವೇಗವೊಂದೇ ಅಳತೆಗೋಲೇ?

ಕಲಾದಗಿಯ ಶಾಲೆಯೊಂದರ ಗಣಕಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿದರು ಎಂದುಕೊಳ್ಳಿ. ಪರವಾನಗಿಯ ಖರ್ಚು ಉಳಿಯಿತು. ಆದರೆ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ 'ನುಡಿ'ಯಲ್ಲಿವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ತಂತ್ರಾಂಶ ವಿಂಡೋಸ್‌ಗಾಗಿ ಬರೆದದ್ದು. "ವೈನ್ ಹಾಕಿಕೊಳ್ಳಿ, ವೇಗ ಅಷ್ಟೇ ಇರುತ್ತದೆ" ಎಂಬ ಸಲಹೆ ಬರುತ್ತದೆ. ಇದು ಎಷ್ಟು ಸರಿ?

1993ರಲ್ಲಿ ಆರಂಭವಾಗಿ 2008ರಲ್ಲಿ 1.0 ಆವೃತ್ತಿ ಕಂಡ ವೈನ್, ಪ್ರೊಸೆಸರನ್ನು ಅನುಕರಿಸುವುದಿಲ್ಲ. ಇಂಟೆಲ್ ಮಾದರಿಯ ಗಣಕದಲ್ಲಿ ವಿಂಡೋಸ್ ತಂತ್ರಾಂಶದ ಆದೇಶಗಳು ಪ್ರೊಸೆಸರಿನ ಮೇಲೆ ನೇರವಾಗಿಯೇ ನಡೆಯುತ್ತವೆ. ವಿಂಡೋಸ್‌ಗೆ ಮಾಡಿದ ಕರೆಗಳನ್ನಷ್ಟೇ ವೈನ್ ಲಿನಕ್ಸ್‌ಗೆ ತಿಳಿಯುವಂತೆ ಬದಲಿಸುತ್ತದೆ. ಆದ್ದರಿಂದ ಬರಿಯ ಲೆಕ್ಕದ ಕೆಲಸ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುತ್ತದೆ. ಕಡತ ತೆರೆಯುವಲ್ಲಿ, ಚಿತ್ರ ಮೂಡಿಸುವಲ್ಲಿ, ಕಾರ್ಯಕ್ರಮದ ಭಾಗಗಳು ಒಂದಕ್ಕೊಂದು ಕಾಯುವಲ್ಲಿ ವ್ಯತ್ಯಾಸ ಕಾಣಬಹುದು. ಈ ಕಾಯುವಿಕೆಯ ಹೊರೆ ಇಳಿಸಲೆಂದೇ 2025ರ ಲಿನಕ್ಸ್ 6.14ರಲ್ಲಿ 'ಎನ್‌ಟಿಸಿಂಕ್' ಎಂಬ ಸೌಲಭ್ಯ ಸೇರಿತು. ಹೀಗಿರುವಾಗ "ಶೇಕಡ ಇಷ್ಟು ನಿಧಾನ" ಎಂದು ಒಂದೇ ಅಂಕಿ ಕೊಡುವ ಹೋಲಿಕೆ ಅಪೂರ್ಣ. ಯಾವ ಕೆಲಸದಲ್ಲಿ ಎಂಬುದನ್ನೂ ಹೇಳಬೇಕು.

ನುಡಿಯ ವಿಷಯದಲ್ಲಂತೂ ಇಂಥ ಹೋಲಿಕೆ ದಾರಿ ತಪ್ಪಿಸುತ್ತದೆ. ಸೆಕೆಂಡಿಗೆ ಹತ್ತು ಕೀಲಿ ಒತ್ತಿದರೂ ಎರಡು ಒತ್ತುಗಳ ನಡುವೆ 100 ಮಿಲಿಸೆಕೆಂಡ್ ಇರುತ್ತದೆ. ಗಣಕಕ್ಕೆ ಅದು ದೀರ್ಘಕಾಲ. ತೊಡಕು ಬೇರೆಡೆ ಇದೆ. ನುಡಿ ಕೀಲಿಗಳನ್ನು ನಡುವೆ ಹಿಡಿದು ಅಕ್ಷರವಾಗಿಸುತ್ತದೆ. ವೈನ್ ಒಳಗೆ ಅದಕ್ಕೆ ಸಿಗುವುದು ವೈನ್ ಕಿಟಕಿಗಳ ಕೀಲಿಗಳು ಮಾತ್ರ. ಪಕ್ಕದಲ್ಲೇ ತೆರೆದಿರುವ ಲಿನಕ್ಸ್‌ನ ಲಿಬ್ರೆಆಫೀಸಿನಲ್ಲಿ ಕನ್ನಡ ಮೂಡದು! ವೇಗದ ಪರೀಕ್ಷೆಯಲ್ಲಿ ಪಾಸಾದರೂ ಕೆಲಸದಲ್ಲಿ ಫೇಲ್.

ಲಿನಕ್ಸ್‌ನದೇ ಐಬಸ್ ಮತ್ತು ಎಂ17ಎನ್ ಮೂಲಕ ಅದೇ ಕೆಜಿಪಿ ಕೀಲಿವಿನ್ಯಾಸ ದೊರೆಯುತ್ತದೆ, ಅದೂ ಯೂನಿಕೋಡ್‌ನಲ್ಲಿ. ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ನುಡಿಯ ಹಳೆಯ ಫಾಂಟ್‌ಗಳ ಕಡತಗಳಲ್ಲಿರುವುದು ಅಕ್ಷರಗಳ ಆಕಾರದ ಸಂಕೇತಗಳು. ಫಾಂಟ್ ಬದಲಾದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಾವ ಪದರವೂ ಇದನ್ನು ಸರಿಪಡಿಸದು. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ನೀವೇ ಪರೀಕ್ಷಿಸಿ. ಒಂದೇ ಗಣಕದಲ್ಲಿ, ಎರಡೂ ವಿಧಾನಗಳಿಂದ, ಕಲಾದಗಿಯ ದಾಳಿಂಬೆ ಕುರಿತು ಒಂದು ಪುಟ ಟೈಪ್ ಮಾಡಿ. ಕಡತ ತೆರೆಯಲು ಹಿಡಿದ ಸಮಯವನ್ನು ಐದು ಸಲ ಅಳೆದು ನಡುವಿನ ಬೆಲೆ ಬರೆದುಕೊಳ್ಳಿ. ಮೊದಲ ಸಲದ್ದನ್ನು ಬೇರೆ ಇಡಿ. ಆಮೇಲೆ ಕಡತ ಸ್ಮೃತಿಯಿಂದಲೇ ಸಿಗುವುದರಿಂದ ಬೇಗ ತೆರೆಯುತ್ತದೆ. ಕೊನೆಗೆ ಆ ಪುಟವನ್ನು ಇನ್ನೊಂದು ತಂತ್ರಾಂಶಕ್ಕೆ ನಕಲಿಸಿ 'ದಾಳಿಂಬೆ' ಪದವನ್ನು ಹುಡುಕಿ. ಸಿಕ್ಕಿತೇ? ವೇಗದ ಅಂಕಿಗಿಂತ ಮೊದಲು ಈ ಉತ್ತರವನ್ನು ಬರೆಯಿರಿ.

ಹಳೆಯ ಕಡತ ತೆರೆದು ನೋಡಲು ವೈನ್ ಉಪಯುಕ್ತ. ಹೊಸದನ್ನು ಬರೆಯಲು ಲಿನಕ್ಸ್‌ನದೇ ವ್ಯವಸ್ಥೆ ಬಳಸಿ.