ವಿನೋದಪ್ರಣಯದಲ್ಲಿ ಉದ್ಯೋಗಸ್ಥೆ

ವಿನೋದಪ್ರಧಾನವಾದ ಪ್ರಣಯಕಥೆಗೆ ವಿವಾಹವೇ ಫಲವೆಂಬುದು ಪೂರ್ವಪಶ್ಚಿಮಗಳೆರಡರಲ್ಲಿಯೂ ರೂಢಿಯಾದ ಮಾತು. ನಾಯಕನೂ ನಾಯಿಕೆಯೂ ಮೊದಲು ಕಲಹವಾಡಿ, ನಡುವೆ ಅಗಲಿ, ಕಡೆಗೆ ಕೂಡುವರು. ಪ್ರೇಕ್ಷಕರು ನಗುತ್ತ ಮನೆಗೆ ತೆರಳುವರು. ಆದರೆ ನಾಯಿಕೆಗೆ ತನ್ನದೇ ಆದ ಉದ್ಯೋಗವೊಂದಿದ್ದು, ಅದರಿಂದ ಅವಳಿಗೆ ಅನ್ನವೂ ಮಾನವೂ ದೊರೆಯುತ್ತಿದ್ದ ಪಕ್ಷದಲ್ಲಿ ಈ ಸುಲಭವಾದ ಫಲಪ್ರಾಪ್ತಿಗೆ ತೊಡಕುಂಟಾಗುತ್ತದೆ. ಮದುವೆಯ ಮನೆಯೊಳಕ್ಕೆ ಅವಳ ಉದ್ಯೋಗವೂ ಬರುವುದೋ, ಹೊಸ್ತಿಲ ಹೊರಗೇ ಉಳಿಯುವುದೋ ಎಂಬ ಪ್ರಶ್ನೆಗೆ ಕಥೆಗಾರನು ಉತ್ತರ ಕೊಡಲೇಬೇಕು. ಅಮೆರಿಕದ ವಾಕ್ಚಿತ್ರಗಳು 1940ರ ಸುಮಾರಿನಲ್ಲಿ ಈ ಪ್ರಶ್ನೆಯನ್ನು ಎದುರಿಸಿದ ಬಗೆಯನ್ನೂ, ಕನ್ನಡದ ವಿನೋದಚಿತ್ರಗಳು ಅದನ್ನು ಸುತ್ತಿಬಳಸಿ ಸಾಗಿದ ಬಗೆಯನ್ನೂ ಒಂದೆಡೆ ಇಟ್ಟು ನೋಡುವುದು ಉಚಿತವಾಗಿದೆ.

ಪ್ರಶ್ನೆಯೇನೋ ಕನ್ನಡನಾಡಿಗೆ ಹೊಸದಲ್ಲ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯು ಸವಳಂಗದ ಮೇಲೆ ಹಾಯುತ್ತದೆ. 12ನೆಯ ಶತಮಾನದ ಮಹಾದೇವಿಯಕ್ಕನ ಹುಟ್ಟೂರಾದ ಉಡುತಡಿಯು ಆ ಶಿಕಾರಿಪುರದ ಸೀಮೆಗೇ ಸೇರಿದುದು. ಹರಿಹರನು ತನ್ನ ರಗಳೆಯಲ್ಲಿ ನಿರೂಪಿಸಿರುವಂತೆ, ಕೌಶಿಕರಾಜನು ಅವಳನ್ನು ಬಯಸಿದಾಗ ಅವಳು ಒಡನೆ ಒಪ್ಪಲೂ ಇಲ್ಲ, ಒಡನೆ ತೊರೆಯಲೂ ಇಲ್ಲ, ನಿಬಂಧನೆಗಳನ್ನು ಮುಂದಿಟ್ಟಳು. ಶಿವಪೂಜೆ, ಮಾಹೇಶ್ವರರ ಗೋಷ್ಠಿ, ಗುರುಸೇವೆ, ಇವು ಮೂರೂ ತನ್ನ ಇಚ್ಛೆಯಂತೆ ನಡೆಯತಕ್ಕವು, ಮೂರು ಸಲದ ತಪ್ಪನ್ನು ಸೈರಿಸುವೆನು, ಅದರಾಚೆಗೆ ಇಲ್ಲ. ಅರಸನು ಒಪ್ಪಿದನು, ಆಮೇಲೆ ತಪ್ಪಿದನು, ಅವಳು ಹೊರಟುಹೋದಳು. ಭಕ್ತಿಯನ್ನು ಉದ್ಯೋಗವೆಂದು ಕರೆಯುವುದು ಸಾಧುವಲ್ಲ. ಆದರೂ ಕಥೆಯ ಅಂಗರಚನೆಯನ್ನು ಮಾತ್ರ ನೋಡಿದರೆ, ಪತಿಯು ಬರುವುದಕ್ಕೆ ಮುನ್ನವೇ ಹೆಣ್ಣಿಗೆ ತನ್ನದೊಂದು ನಿಷ್ಠೆಯಿರುವುದೆಂದೂ, ದಾಂಪತ್ಯವು ಆ ನಿಷ್ಠೆಯನ್ನು ಮನ್ನಿಸಿದಷ್ಟು ಕಾಲ ಮಾತ್ರ ನಿಲ್ಲುವುದೆಂದೂ ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಕಥೆ ವಿರಳ. ನಿಬಂಧನೆಯು ಮುರಿದುದರಿಂದ ಅದು ವೈರಾಗ್ಯದ ಕಥೆಯಾಯಿತು. ನಿಬಂಧನೆಯು ಉಳಿದಿದ್ದರೆ ಏನಾಗುತ್ತಿತ್ತೆಂಬುದು ವಿನೋದಕಥೆಯು ಯೋಚಿಸತಕ್ಕ ವಿಷಯ.

ಹವರ್ಡ್ ಹಾಕ್ಸ್ ನಿರ್ದೇಶಿಸಿದ 'ಹಿಸ್ ಗರ್ಲ್ ಫ್ರೈಡೇ' (1940) ಎಂಬ ಚಿತ್ರವು ಅದನ್ನೇ ಯೋಚಿಸುತ್ತದೆ. ಬೆನ್ ಹೆಕ್ಟ್, ಚಾರ್ಲ್ಸ್ ಮ್ಯಾಕಾರ್ಥರ್ ಎಂಬಿಬ್ಬರು ಬರೆದು 1928ರಲ್ಲಿ ರಂಗವೇರಿದ 'ದಿ ಫ್ರಂಟ್ ಪೇಜ್' ಎಂಬ ನಾಟಕ ಅದಕ್ಕೆ ಮೂಲ. ನಾಟಕದಲ್ಲಿ ಹಿಲ್ಡಿ ಜಾನ್ಸನ್ ಎಂಬ ಪತ್ರಿಕಾವರದಿಗಾರನು ಗಂಡಸು. ಚಿತ್ರದಲ್ಲಿ ಅವನನ್ನು ಹೆಂಗಸನ್ನಾಗಿ ಮಾಡಿ, ಸಂಪಾದಕನಾದ ವಾಲ್ಟರ್ ಬರ್ನ್ಸನ ವಿಚ್ಛೇದಿತ ಪತ್ನಿಯನ್ನಾಗಿಸಿದರು. ಈ ಒಂದು ಮಾರ್ಪಾಟಿನಿಂದ ನಾಟಕದ ವೃತ್ತಿಕಲಹವೇ ಪ್ರಣಯಕಲಹವಾಯಿತು. ಹಿಲ್ಡಿಯು ಪತ್ರಿಕೆಯನ್ನು ಬಿಟ್ಟು, ವಿಮಾಕಂಪನಿಯ ಬ್ರೂಸ್ ಎಂಬ ಸಜ್ಜನನನ್ನು ಮದುವೆಯಾಗಿ, ಆಲ್ಬನಿ ಪಟ್ಟಣದಲ್ಲಿ ಅತ್ತೆಯೊಡನೆ ಬಾಳಬೇಕೆಂದು ನಿಶ್ಚಯಿಸಿ, ಆ ಸಂಗತಿಯನ್ನು ತಿಳಿಸಲು ಪತ್ರಿಕಾಲಯಕ್ಕೆ ಬರುವಳು. ಮರುದಿನ ನೇಣಿಗೇರಬೇಕಾದ ಕೈದಿಯೊಬ್ಬನು ಸೆರೆಯಿಂದ ತಪ್ಪಿಸಿಕೊಳ್ಳುವನು. ಅಲ್ಲಿಂದ ಮುಂದೆ ಅವಳ ನಿಶ್ಚಯವು ಎಷ್ಟು ಕಾಲ ನಿಲ್ಲುವುದೆಂಬುದೇ ಕಥೆ.

ಈ ಚಿತ್ರದ ಮುಖ್ಯ ಗುಣವೆಂದರೆ, ನಾಯಿಕೆಯ ಸಾಮರ್ಥ್ಯವನ್ನು ಬಾಯಿಮಾತಿನಲ್ಲಿ ಹೊಗಳದೆ ಕೆಲಸದಲ್ಲಿ ತೋರಿಸಿರುವುದು. ರೊಸಾಲಿಂಡ್ ರಸೆಲ್ ಅಭಿನಯಿಸಿದ ಹಿಲ್ಡಿಯು ಸೆರೆಮನೆಯಲ್ಲಿ ಕೈದಿಯೊಡನೆ ಮೆಲ್ಲಗೆ ಮಾತಾಡಿ ಅವನ ಮನಸ್ಸಿನ ಎಳೆಯನ್ನು ಹಿಡಿಯುವಳು. ಓಡುತ್ತಿರುವ ಅಧಿಕಾರಿಯನ್ನು ಬೆನ್ನಟ್ಟಿ ಕೆಡವಿ ಸುದ್ದಿಯನ್ನು ಪಡೆಯುವಳು. ವರನು ಎದುರಿಗೆ ನಿಂತು ಕರೆಯುತ್ತಿದ್ದರೂ ಬೆರಳಚ್ಚಿನ ಯಂತ್ರದಿಂದ ಕಣ್ಣೆತ್ತಳು. ಆ ಕ್ಷಣದಲ್ಲಿ ಪ್ರೇಕ್ಷಕನಿಗೆ ಬ್ರೂಸನ ಮೇಲೆ ಮರುಕವುಂಟಾಗುವುದು. ಹಿಲ್ಡಿಯ ಮೇಲೆ ಕೋಪ ಬಾರದು. ಕ್ಯಾರಿ ಗ್ರ್ಯಾಂಟನ ವಾಲ್ಟರ್ ಕಪಟಿ, ಸ್ವಾರ್ಥಿ. ಆದರೆ ಅವಳು ಬರೆಯಬಲ್ಲಳೆಂಬುದನ್ನು ಅವನು ಒಮ್ಮೆಯೂ ಸಂಶಯಿಸುವವನಲ್ಲ. ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತು ಹೇರುತ್ತ ಆಡುವ ವೇಗವೇ ಅವರ ಪ್ರಣಯಭಾಷೆ. ಬ್ರೂಸನಿಗೆ ಆ ಭಾಷೆ ಬಾರದು.

ದೋಷಗಳಿಲ್ಲವೆಂದಲ್ಲ. ಹಿಂದಿನ ಮಧುಚಂದ್ರವನ್ನು ಕಲ್ಲಿದ್ದಲ ಗಣಿಯ ದುರಂತದ ವರದಿಗಾಗಿ ಬಲಿಗೊಟ್ಟುದು ಹಿಲ್ಡಿಯ ದೂರು. ಕೊನೆಯಲ್ಲಿ ನಯಾಗರಾಕ್ಕೆ ಹೊರಡಬೇಕಾದ ಹೊಸ ಮಧುಚಂದ್ರವೂ ಆಲ್ಬನಿಯ ಮುಷ್ಕರದ ವರದಿಯತ್ತ ತಿರುಗುವುದು. ವಾಲ್ಟರ್ ಮುಂದೆ ನಡೆಯುವನು. ಪೆಟ್ಟಿಗೆಯನ್ನು ಹೊತ್ತು ಅವಳು ಹಿಂದೆ ಬರುವಳು. ಚಿತ್ರದ ಹೆಸರು ಸಹ ಅವಳನ್ನು ಒಬ್ಬ ಗಂಡಸಿನ ನೆಚ್ಚಿನ ಸಹಾಯಕಳೆಂದೇ ಕರೆಯುತ್ತದೆ. ಆದಕಾರಣ ಇದು ಸಮಾನತೆಯ ಚಿತ್ರವೆಂದು ಹೊಗಳುವುದು ಅತ್ಯುಕ್ತಿ. ಆದರೂ ಕೊನೆಯ ದೃಶ್ಯದಲ್ಲಿ ಅವಳ ಉದ್ಯೋಗವು ಅವಳೊಡನೆ ಇದೆ ಎಂಬುದನ್ನು ಅಲ್ಲಗಳೆಯಲಾಗದು.

ಎರಡು ವರ್ಷಗಳ ತರುವಾಯ ಬಂದ ಜಾರ್ಜ್ ಸ್ಟೀವನ್ಸನ 'ವುಮನ್ ಆಫ್ ದಿ ಇಯರ್' (1942) ಚಿತ್ರದ ಕೊನೆಯು ಬೇರೆ. ರಾಜಕೀಯ ಲೇಖಕಿಯಾದ ಟೆಸ್ ಹಾರ್ಡಿಂಗಳ ಪಾತ್ರದಲ್ಲಿ ಕ್ಯಾಥರಿನ್ ಹೆಪ್‌ಬರ್ನ್, ಕ್ರೀಡಾಲೇಖಕನಾದ ಪತಿಯ ಪಾತ್ರದಲ್ಲಿ ಸ್ಪೆನ್ಸರ್ ಟ್ರೇಸಿ. ಲೋಕದ ಭಾಷೆಗಳನ್ನೂ ರಾಜ್ಯಗಳ ಮರ್ಮವನ್ನೂ ಬಲ್ಲ ಟೆಸ್, ಕಡೆಯಲ್ಲಿ ಗಂಡನಿಗೆ ಉಪಾಹಾರ ಸಿದ್ಧಪಡಿಸಲು ಹೋಗಿ ಅಡಿಗೆಮನೆಯಲ್ಲಿ ನಗೆಪಾಟಲಾಗುವಳು. ಈ ದೃಶ್ಯವನ್ನು ಮೊದಲಿನ ಮುಕ್ತಾಯಕ್ಕೆ ಬದಲಾಗಿ ಆಮೇಲೆ ಚಿತ್ರಿಸಿ ಸೇರಿಸಿದರು. ಗಂಡನು ಅವಳ ಎರಡು ಹೆಸರುಗಳನ್ನೂ ಉಳಿಸಿಕೊಂಡು ತನ್ನ ಹೆಸರನ್ನು ಸೇರಿಸಿಕೊಳ್ಳಲಿ ಎಂದು ಕೇಳುವುದರಿಂದ ಗಾಯವು ಕೊಂಚ ಮಾಯುವುದು. ಆದರೂ ವಿದ್ಯಾವತಿಯ ಸೋಲನ್ನು ಒಲೆಯ ಮುಂದೆ ತೋರಿಸಿದರೆ ಜನ ನಗುವರೆಂಬ ಎಣಿಕೆಯು ಅಲ್ಲಿ ಕೆಲಸ ಮಾಡಿತೆಂಬುದು ಸ್ಪಷ್ಟ.

ಈ ಎರಡನೆಯ ಮಾರ್ಗವು ಷೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದಿ ಶ್ರೂ' ನಾಟಕದಿಂದ ಬಂದುದು. ಕನ್ನಡಕ್ಕೆ ಹೆಚ್ಚು ಹಿಡಿಸಿದುದೂ ಇದೇ. ರಾಜಕುಮಾರ್ ಮತ್ತು ಜಯಂತಿಯವರ 'ಬಹದ್ದೂರ್ ಗಂಡು' (1976) ಚಿತ್ರದಲ್ಲಿ ಅರಸುಮನೆತನದ ಅಹಂಕಾರಿಣಿಗೆ ಬಡ ರೈತನೊಬ್ಬನು ಎದುರಾಗುವನು. ಪರ್ವತವಾಣಿಯವರ ನಾಟಕವನ್ನು ಆಧರಿಸಿದ 'ನಂಜುಂಡಿ ಕಲ್ಯಾಣ' (1989) ಚಿತ್ರದಲ್ಲಿ ಸಿರಿವಂತರ ಮುಂಗೋಪಿ ಮಗಳನ್ನು ಮದುವೆಯಾದವನು ಅವಳನ್ನು ದಾರಿಗೆ ತರುವನು. ಎರಡೂ ಜನಮೆಚ್ಚುಗೆ ಪಡೆದವು; ಎರಡರಲ್ಲಿಯೂ ಲವಲವಿಕೆಯಿದೆ. ಆದರೆ ಒಂದು ಅಂಶವನ್ನು ಗಮನಿಸಬೇಕು. ಈ ನಾಯಿಕೆಯರಿಗೆ ಐಶ್ವರ್ಯವುಂಟು, ದರ್ಪವುಂಟು, ಉದ್ಯೋಗವಿಲ್ಲ. ಅವರ ಸ್ವಾತಂತ್ರ್ಯವು ತಂದೆಯ ಹಣದಿಂದ ಬಂದುದಾದುದರಿಂದ ಅದನ್ನು ಮುರಿಯುವುದರಲ್ಲಿ ಪ್ರೇಕ್ಷಕನಿಗೆ ಅನ್ಯಾಯ ತೋರುವುದಿಲ್ಲ. ಸಿರಿಯ ಗರ್ವಭಂಗವಾಯಿತೆಂದು ಬಡವನೂ ಹಿಗ್ಗುವನು. ಹೆಣ್ಣಿನ ಸ್ವಾತಂತ್ರ್ಯವೂ ಸಿರಿವಂತಿಕೆಯ ದರ್ಪವೂ ಒಂದೇ ಎಂಬ ಭ್ರಮೆಯು ಹೀಗೆ ನಗುವಿನ ಮರೆಯಲ್ಲಿ ಬೇರೂರುತ್ತದೆ. ಹಿಲ್ಡಿಯಂತೆ ದುಡಿದು ಗಳಿಸಿದ ಸ್ವಾತಂತ್ರ್ಯವುಳ್ಳವಳನ್ನು ಇದೇ ರೀತಿ ಮಣಿಸಹೋಗಿದ್ದರೆ ನಗುವು ಅರ್ಧದಲ್ಲಿಯೇ ನಿಲ್ಲುತ್ತಿತ್ತು.

'ನಂಜುಂಡಿ ಕಲ್ಯಾಣ'ದಿಂದ ನಾಯಿಕೆಯಾಗಿ ಹೆಸರಾದ ಮಾಲಾಶ್ರೀಯವರು ಎರಡೇ ವರ್ಷಗಳಲ್ಲಿ 'ಎಸ್. ಪಿ. ಭಾರ್ಗವಿ' (1991) ಚಿತ್ರದ ಪೊಲೀಸ್ ಅಧಿಕಾರಿಣಿಯಾದರು. ಅಲ್ಲಿ ಉದ್ಯೋಗ ಬಂದಿತು. ಆದರೆ ಕಥೆಯ ಜೀವಾಳವು ಸಾಹಸವಾಯಿತು, ವಿನೋದಪ್ರಣಯವು ಹಿಂದೆ ಸರಿಯಿತು. ಅಂತು, ಒಬ್ಬಳೇ ನಟಿಯ ಕೈಯಲ್ಲಿ ಒಂದು ಕಡೆ ಉದ್ಯೋಗವಿಲ್ಲದ ವಿನೋದ, ಮತ್ತೊಂದು ಕಡೆ ವಿನೋದವೊಲ್ಲದ ಉದ್ಯೋಗ. ಇವೆರಡನ್ನೂ ಒಂದೇ ಕಥೆಯಲ್ಲಿ ಕೂಡಿಸುವ ಧೈರ್ಯವನ್ನು ಈ ಚಿತ್ರಗಳು ತೋರಲಿಲ್ಲ.

ಅಂತಹ ಹೆಣ್ಣು ಈ ಸೀಮೆಯಲ್ಲಿರಲಿಲ್ಲವೆಂದು ಹೇಳಿ ಜಾರಿಕೊಳ್ಳುವಂತೆಯೂ ಇಲ್ಲ. ಸವಳಂಗವನ್ನೊಳಗೊಂಡ ಹೊನ್ನಾಳಿಯ ಸೀಮೆಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಆ ದಾವಣಗೆರೆಯವರೇ ಚಿಂದೋಡಿ ಲೀಲಾ. ತಂದೆ ವೀರಪ್ಪನವರು ಕಟ್ಟಿದ ಕೆ. ಬಿ. ಆರ್. ನಾಟಕ ಕಂಪನಿಯಲ್ಲಿ ನಟಿಯಾಗಿ ಬೆಳೆದು, ಅದರ ಭಾರವನ್ನು ಹೊತ್ತು, ಊರೂರಿಗೆ ಕಂಪನಿಯನ್ನು ನಡೆಸಿದರು. 1988ರಲ್ಲಿ ಪದ್ಮಶ್ರೀ ಪಡೆದರು, ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷತೆಯನ್ನೂ ವಹಿಸಿದರು, 2010ರಲ್ಲಿ ತೀರಿಕೊಂಡರು. ಅವರಿಗೆ ಕೀರ್ತಿ ತಂದ ನಾಟಕವು 'ಪೊಲೀಸನ ಮಗಳು'. ಬೆಳಗಾವಿಯಲ್ಲಿ ಅದರ ಪ್ರಯೋಗಗಳು ಸಾವಿರವನ್ನು ಮುಟ್ಟಿದುವು. ಆ ಹೆಸರನ್ನು ನೋಡಬೇಕು. ಉದ್ಯೋಗವು ತಂದೆಗೆ; ನಾಯಿಕೆಗೆ ಉಳಿದುದು ಸಂಬಂಧ. ಪರದೆಯ ಹಿಂದೆ ಸಂಬಳದ ಲೆಕ್ಕ ನೋಡುತ್ತಿದ್ದ ಹೆಂಗಸು, ಪರದೆ ಎದ್ದೊಡನೆ ಮಗಳೆಂಬ ಹೆಸರಿನಲ್ಲಿ ಬಂದು ನಿಲ್ಲಬೇಕಾಯಿತು. ರಂಗಭೂಮಿಯು ಹೆಣ್ಣಿಗೆ ವೃತ್ತಿಯನ್ನು ಕೊಟ್ಟಿತು; ರಂಗದ ಕಥೆಯ ಹೆಸರು ಅದನ್ನು ಹೇಳಲು ಹಿಂಜರಿಯಿತು.

ನಗಿಸುವ ಕಥೆಗೆ ಇಷ್ಟು ಭಾರವನ್ನು ಹೊರಿಸುವುದೇಕೆಂದು ಆಕ್ಷೇಪಿಸಬಹುದು. ಆದರೆ ನಗುವು ಯಾವುದನ್ನು ಸಹಜವೆಂದು ಒಪ್ಪಿಸುವುದೋ ಅದು ಉಪದೇಶಕ್ಕಿಂತ ಆಳವಾಗಿ ಮನಸ್ಸಿಗಿಳಿಯುತ್ತದೆ. ಇನ್ನೊಂದು ವಿಷಯವೂ ಉಂಟು: 'ನಂಜುಂಡಿ ಕಲ್ಯಾಣ'ವನ್ನು ನೋಡಿದವರ ನೆನಪಿನಲ್ಲಿ ಉಳಿಯುವವಳು ಮಣಿದ ಹೆಂಡತಿಯಲ್ಲ, ಮಣಿಯದೆ ಗರ್ಜಿಸುತ್ತಿದ್ದ ಹುಡುಗಿ. ಪ್ರೇಕ್ಷಕರ ಒಲವು ಎತ್ತ ಇತ್ತೆಂಬುದಕ್ಕೆ ಇದೇ ಸಾಕ್ಷಿ. ಕಥೆಯು ತನ್ನ ಪ್ರೇಕ್ಷಕರಿಗಿಂತ ಅಂಜುಬುರುಕವಾಗಿತ್ತು.

ಆದುದರಿಂದ ಇಂತಹ ಕಥೆಗಳನ್ನು ಅಳೆಯುವುದಕ್ಕೆ ಒಂದು ಸಣ್ಣ ಮಾನವು ಸಾಕು. ಮದುವೆಯಾಯಿತೇ ಎಂದು ಕೇಳಬೇಕಾಗಿಲ್ಲ, ಆಗಿಯೇ ಆಗುವುದು. ಕೊನೆಯ ದೃಶ್ಯದಲ್ಲಿ ಅವಳ ಕೈಯಲ್ಲಿ ಅವಳ ಕೆಲಸವಿದೆಯೇ ಎಂದು ನೋಡಿದರೆ ಸಾಕು. ಹಿಲ್ಡಿಯ ಕೈಯಲ್ಲಿ ಪೆಟ್ಟಿಗೆಯೂ ಇದೆ, ಕೆಲಸವೂ ಇದೆ. ಟೆಸ್ ಒಲೆಯ ಮುಂದೆ ಕೆಲಸವನ್ನು ಅರ್ಧ ಕಳೆದುಕೊಂಡು ಅರ್ಧ ಉಳಿಸಿಕೊಂಡಳು. ಕನ್ನಡದ ಗರ್ವಿಷ್ಠೆಯರಿಗೆ ಕಳೆದುಕೊಳ್ಳುವುದಕ್ಕೂ ಏನನ್ನೂ ಕೊಟ್ಟಿರಲಿಲ್ಲ. ಉಡುತಡಿಯ ಹೆಣ್ಣು ಅರಸನೆದುರು ಇಟ್ಟ ನಿಬಂಧನೆಯನ್ನು ಒಪ್ಪಿ ನಡೆಸುವ ಗಂಡೊಬ್ಬನನ್ನು ಕನ್ನಡದ ವಿನೋದಕಥೆಯು ಕಲ್ಪಿಸಿಕೊಂಡರೆ, ಅದರ ನಗುವಿಗೆ ಹೊಸ ದಾರಿಯೊಂದು ತೆರೆಯುವುದರಲ್ಲಿ ಸಂದೇಹವಿಲ್ಲ.